ಮನೆ ಗುಂಪಿನಲ್ಲಿ ಚಿಲ್ಲರೆ ಜಗಳ

ರಮೇಶ ಮಾವ: (ಫಾರ್ವರ್ಡ್ ವಿಡಿಯೊ) ಅಮೆರಿಕದ ಬ್ಯಾಂಕಿನಿಂದ ಚಿಲ್ಲರೆ ರೋಲ್ (ಕಾಗದದಲ್ಲಿ ಸುತ್ತಿದ ನಾಣ್ಯದ ಕಟ್ಟು) ತಂದು ಬಿಚ್ಚಿದರೆ ಬೆಳ್ಳಿ ನಾಣ್ಯ ಸಿಗುತ್ತದಂತೆ! ಸುಹಾಸ, ನೀನು ಅಲ್ಲೇ ಇದ್ದೀಯಲ್ಲ, ಒಂದು ಕೈ ನೋಡು.

ನಾನು: ಆರು ತಿಂಗಳಿಂದ ನೋಡುತ್ತಲೇ ಇದ್ದೇನೆ ಮಾವ. ನಗುತ್ತೀರಿ ಅಂತ ಹೇಳಿರಲಿಲ್ಲ.

ನಾನು: (ಫೋಟೊ) ಎಡಗಡೆಯದು 1964ರ ಅರ್ಧ ಡಾಲರ್, 90% ಬೆಳ್ಳಿ. ಬಲಗಡೆಯದು ಈಚಿನದು. ಅಂಚು ನೋಡಿ. ಈಚಿನದಕ್ಕೆ ತಾಮ್ರದ ಕೆಂಪು ಗೆರೆ ಇದೆ, ಹಳೆಯದಕ್ಕೆ ಇಲ್ಲ. ರೋಲ್ ಬಿಚ್ಚಿ ಮಲಗಿಸಿದರೆ ಬಿಳಿ ಅಂಚು ತಾನಾಗಿ ಕಣ್ಣಿಗೆ ಬೀಳುತ್ತದೆ.

ಶಾಂತತ್ತೆ: ಬ್ಯಾಂಕಿನವರಿಗೆ ಗೊತ್ತಾಗುವುದಿಲ್ವಾ?

ನಾನು: ಅವರಿಗೆ ಅದು ಬರೀ 50 ಸೆಂಟ್ ಅತ್ತೆ. ಬೆಳ್ಳಿ ಸಾಲದೇ ಬಂದು 1965ರಲ್ಲಿ ಕಾನೂನು ಮಾಡಿ 10 ಮತ್ತು 25 ಸೆಂಟಿನಿಂದ ಬೆಳ್ಳಿ ಪೂರ್ತಿ ತೆಗೆದರು. ಅರ್ಧ ಡಾಲರಿನಲ್ಲಿ ಮಾತ್ರ 1970ರವರೆಗೆ 40% ಉಳಿಸಿದರು. ಅದಕ್ಕೇ ನಾನು ಅದನ್ನೇ ಕೇಳಿ ತರುತ್ತೇನೆ.

ಶಾಂತತ್ತೆ: ನನ್ನ ಹತ್ತಿರ ವೈಷ್ಣೋದೇವಿಯ 5 ರೂಪಾಯಿ ಇದೆ. ಲಕ್ಷಗಟ್ಟಲೆ ಕೊಡುತ್ತಾರಂತೆ, ಮೊದಲು ಸ್ವಲ್ಪ ಫೀಸ್ ಕಟ್ಟಬೇಕಂತೆ.

ವಿದ್ಯಕ್ಕ: ಅತ್ತೆ, ಒಂದು ಪೈಸೆಯೂ ಕಟ್ಟಬೇಡಿ! ರಿಸರ್ವ್ ಬ್ಯಾಂಕೇ 2021ರಲ್ಲಿ ಇದು ಮೋಸ ಅಂತ ಎಚ್ಚರಿಸಿದೆ. ಸುಹಾಸ, ನಿನ್ನ ಲೆಕ್ಕ ಹೇಳು.

ನಾನು: ರೋಲಿಗೆ 20, ಡಬ್ಬಕ್ಕೆ 50 ರೋಲ್. ಅಂದರೆ 1000 ನಾಣ್ಯ, 500 ಡಾಲರ್. ಏಳು ಡಬ್ಬ ನೋಡಿದೆ. 90%ದು ಒಂದು, 40%ದು ನಾಲ್ಕು ಸಿಕ್ಕಿವೆ.

ವಿದ್ಯಕ್ಕ: 90%ದರಲ್ಲಿ ಬೆಳ್ಳಿ 11.25 ಗ್ರಾಂ, ಮೇಲೆ 40%ದರಲ್ಲಿ 4.6ರಂತೆ ನಾಲ್ಕು. 30 ಗ್ರಾಂ ಕೂಡ ಆಗಲಿಲ್ಲ. 7000 ನಾಣ್ಯ ಹೊರಳಿಸಿ ಒಂದು ಕುಂಕುಮದ ಭರಣಿ! ಪೆಟ್ರೋಲ್ ಎಷ್ಟು ಸುಟ್ಟೆ?

ರಮೇಶ ಮಾವ: ಭರಣಿಯಾದರೂ ಬಂತಲ್ಲ ವಿದ್ಯಾ. ನಿನ್ನ ಮ್ಯೂಚುವಲ್ ಫಂಡ್ ಈ ವರ್ಷ ಏನು ಕೊಟ್ಟಿತು?

ನಾನು: ನಷ್ಟವಂತೂ ಇಲ್ಲ ಅಕ್ಕ. ಉಳಿದದ್ದನ್ನು ಬ್ಯಾಂಕಿಗೆ ಕಟ್ಟಿದರೆ ಹಾಕಿದ ದುಡ್ಡು ವಾಪಸ್.

ದೊಡ್ಡಪ್ಪ: ಕಟ್ಟಿದಾಗ ಎಣಿಸಿಕೊಂಡವರು ಯಾರು?

ನಾನು: ಬೇರೆ ಬ್ಯಾಂಕಿನಲ್ಲಿ ಕಟ್ಟುತ್ತೇನೆ ದೊಡ್ಡಪ್ಪ. ತಂದಲ್ಲೇ ಸುರಿದರೆ ನೋಡಿದ ನಾಣ್ಯವೇ ಮತ್ತೆ ನಮ್ಮ ಕೈಗೆ ಬರುತ್ತದೆ. ಈ ಹವ್ಯಾಸದವರು ಎಲ್ಲರೂ ಹೀಗೇ ಮಾಡುವುದು. ಅಲ್ಲಿ ಎಣಿಸುವ ಮಷಿನ್ ಇದೆ.

ನಾನು: ಹೋದ ತಿಂಗಳು ಆ ಮಷಿನ್ ಜಾಮ್ ಆಯಿತು. ಕೌಂಟರಿನ ಹುಡುಗಿ ಇನ್ನು ಇಷ್ಟೊಂದು ತರಬೇಡಿ ಅಂದಳು.

ದೊಡ್ಡಪ್ಪ: ಸರಿಯಾಗೇ ಹೇಳಿದ್ದಾಳೆ. 31 ವರ್ಷ ಕ್ಯಾಷಿನಲ್ಲಿ ಕೂತವನು ನಾನು. ಹುಂಡಿ ಚಿಲ್ಲರೆ ಬಂದ ದಿನ ಕುಂಕುಮ, ಎಣ್ಣೆ ಎಲ್ಲ ಬೆರಳಿಗೆ ಅಂಟುತ್ತಿತ್ತು. ಊಟಕ್ಕೆ ಕೂತರೂ ಕೈ ವಾಸನೆ ಹೋಗುತ್ತಿರಲಿಲ್ಲ. 2011ರ ಜೂನ್‌ನಲ್ಲಿ 25 ಪೈಸೆ ನಿಲ್ಲುವ ಮುಂಚೆ ಜನ ಹಾರ್ಲಿಕ್ಸ್ ಬಾಟಲಿಗಳನ್ನೇ ತಂದು ಕೌಂಟರಿನ ಮೇಲೆ ಕವುಚಿದರು.

ವಿದ್ಯಕ್ಕ: ಅಪ್ಪ, ಆಗ ನೀವು ಅದರಲ್ಲಿ ಹಳೆಯದನ್ನು ಆರಿಸಿಕೊಂಡಿರಲಿಲ್ವಾ? ಬೀರುವಿನಲ್ಲಿ ಇನ್ನೂ ಇವೆ.

ದೊಡ್ಡಪ್ಪ: ನನ್ನ ದುಡ್ಡು ಹಾಕಿ ಬದಲಾಯಿಸಿಕೊಂಡದ್ದು. ಅದು ಬೇರೆ.

ರಮೇಶ ಮಾವ: 😂😂

ಅಮ್ಮ: ಇಷ್ಟು ವರ್ಷ ಆದಮೇಲೂ ಆ ಬೆಳ್ಳಿ ರೋಲಿಗೆ ಹೇಗೆ ಬರುತ್ತದೋ?

ನಾನು: ಯಾರೋ ಅಜ್ಜ ಕೂಡಿಟ್ಟಿರುತ್ತಾರೆ ಅಮ್ಮ. ಅವರು ಹೋದಮೇಲೆ ಮಕ್ಕಳು ನೋಡದೆ ಡಬ್ಬಿ ಸಮೇತ ಬ್ಯಾಂಕಿಗೆ ಹಾಕಿಬಿಡುತ್ತಾರೆ.

ಅಮ್ಮ: ಅಯ್ಯೋ ಪಾಪ.

ದೊಡ್ಡಪ್ಪ: ವಿದ್ಯಾ, ನನ್ನ ಬೀರು ಮುಟ್ಟಬೇಡ. ಸುಹಾಸ, ಆಟ ಬಿಡು ಅನ್ನುವುದಿಲ್ಲ. ಮಷಿನ್‌ಗೆ ಸುರಿಯುವುದು ಬಿಡು. ಕೂತು ಎಣಿಸಿ, ಕಾಗದದಲ್ಲಿ ಕಟ್ಟಿ ಕೊಡು. ನಮ್ಮಲ್ಲಿ ಒಂದು ಕಡಿಮೆ ಬಿದ್ದರೂ ಕ್ಯಾಷಿಯರ್ ಜೇಬಿನಿಂದ ಹೋಗುತ್ತಿತ್ತು.

ನಾನು: ರೋಲ್ ಮಾಡಿಯೇ ಇಟ್ಟಿದ್ದೇನೆ ದೊಡ್ಡಪ್ಪ. ನಾಳೆ ಕೊಡುವುದು.

ದೊಡ್ಡಪ್ಪ: ಎಣಿಸಿದ್ದೀಯಾ?

ನಾನು: ಈಗ ಎಣಿಸಿದೆ. ಒಂದರಲ್ಲಿ 19 ಇದೆ. ಬೆಳ್ಳಿಯದನ್ನು ತೆಗೆದವನು ಬದಲಿ ಹಾಕುವುದನ್ನು ಮರೆತಿದ್ದೆ.