ಕೈಯಿಂದ ಹಾಕಿದ ಖರ್ಚು ಕಂಪನಿ ಕೊಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯವನು. ಬೆಂಗಳೂರಿನ ಒಂದು ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಸಿಸಿಟಿವಿ ಸರ್ವಿಸ್ ಮಾಡಿಕೊಟ್ಟೆ. ಕೆಲಸದ ದುಡ್ಡು ಬಂತು. ಬಸ್ಸು, ಲಾಡ್ಜು ಅಂತ ನಾನು ಹಾಕಿದ 1,86,000 ರೂಪಾಯಿ ಏಳು ತಿಂಗಳಾದರೂ ಬಂದಿಲ್ಲ. ಅಗ್ರಿಮೆಂಟಿನಲ್ಲಿ ಖರ್ಚಿನ ಮಾತೇ ಇಲ್ಲ. ಮ್ಯಾನೇಜರ್ ವಾಟ್ಸಾಪಿನಲ್ಲಿ "ನೀವು ಹಾಕಿ, ಬಿಲ್ ಕಳಿಸಿ, ಕೊಡ್ತೀವಿ" ಅಂದಿದ್ದಾರೆ, ಅಷ್ಟೇ. ಲೇಬರ್ ಕೋರ್ಟಿಗೆ ಹೋಗಲಾ?

ವಕೀಲರ ಉತ್ತರ: ಬೇಡ ಸರ್. "ಇವರು ನಮ್ಮ ನೌಕರರೇ ಅಲ್ಲ" ಎಂದು ಅಲ್ಲಿ ಮೊದಲ ದಿನವೇ ತಕರಾರು ತೆಗೆಯುತ್ತಾರೆ. ನಿಮ್ಮ ಬಲ ಇರುವುದು ಆ ವಾಟ್ಸಾಪ್ ಮೆಸೇಜಿನಲ್ಲಿ. ಒಪ್ಪಂದ ಸ್ಟಾಂಪ್ ಪೇಪರ್ ಮೇಲೇ ಇರಬೇಕೆಂದೇನಿಲ್ಲ. ಚಾಟ್ ಅಳಿಸಬೇಡಿ, ಆ ಫೋನ್ ಮಾರಬೇಡಿ. ಕೋರ್ಟಿಗೆ ಕೊಡುವಾಗ ಸ್ಕ್ರೀನ್‌ಶಾಟ್ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕು.

ಇವತ್ತೇ ತಾರೀಖಿನ ಪ್ರಕಾರ ಲೆಕ್ಕ, ರಸೀದಿ ಸೇರಿಸಿ ಇಮೇಲ್ ಹಾಕಿ. ಜಗಳ ಬೇಡ, "ಯಾವಾಗ ಕೊಡ್ತೀರಿ" ಅಂತ ಕೇಳಿ. "ಬಾಕಿ ಇದೆ" ಎಂದು ಒಂದು ಸಾಲು ಬರೆಸಿಕೊಂಡರೆ ಅರ್ಧ ಕೆಲಸ ಆದಂತೆ. ಆಮೇಲೆ ಲೀಗಲ್ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಸಿವಿಲ್ ದಾವೆ. ದಾವೆಗೆ ಮೂರು ವರ್ಷದ ಗಡುವಿದೆ, ಸುಮ್ನೆ ಕಾಯಬೇಡಿ. ಅಂದ ಹಾಗೆ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ನೋಂದಣಿ) ಇದೆಯಾ?

ಪ್ರಶ್ನೆ: ಇದೆ ಮೇಡಂ. ಎರಡು ವರ್ಷದ ಹಿಂದೆ ಬ್ಯಾಂಕ್ ಸಾಲಕ್ಕೆ ಅಂತ ಮಾಡಿಸಿದ್ದೆ.

ವಕೀಲರ ಉತ್ತರ: ಈ ಕೆಲಸಕ್ಕಿಂತ ಮೊದಲೇ ಮಾಡಿಸಿದ್ದು ಒಳ್ಳೆಯದಾಯಿತು. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉದ್ಯಮಗಳ ಹಣವನ್ನು 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಇಂಥ ಬಾಕಿ ವ್ಯಾಜ್ಯ ಬಗೆಹರಿಸಲು ಇದೇ ಕಾಯ್ದೆಯಡಿ ಇರುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಅಲ್ಲಿ ಸೋತ ಕಂಪನಿ ಕೋರ್ಟಿಗೆ ಹೋಗಬೇಕಾದರೆ ಮೊದಲು 75% ಹಣ ಕಟ್ಟಬೇಕು. ಈ ಭಯಕ್ಕೇ ಎಷ್ಟೋ ಕಡೆ ರಾಜಿ ಆಗುತ್ತದೆ.

ಒಂದು ತೊಡಕಿದೆ. ಕಾಯ್ದೆ ಹೇಳುವುದು ಸರಕು, ಸೇವೆಯ ಹಣದ ಬಗ್ಗೆ. ಖರ್ಚನ್ನು ಸರ್ವಿಸ್ ಇನ್‌ವಾಯ್ಸಿನಲ್ಲೇ ಸೇರಿಸಿದ್ದರೆ ವಾದ ಸುಲಭ. ಬೇರೆ ಚೀಟಿಯಲ್ಲಿ ಕಳಿಸಿದ್ದರೆ "ಇದು ಸೇವೆಯ ಹಣ ಅಲ್ಲ" ಎನ್ನಬಹುದು. ಹೇಗೆ ಕಳಿಸಿದ್ದೀರಿ, ನೋಡಿ ಹೇಳಿ.

ಇನ್ನೊಬ್ಬ ಸದಸ್ಯರು: ಚೀಟಿಂಗ್ ಕೇಸ್ ಹಾಕಿ ಸರ್, ಎರಡೇ ದಿನದಲ್ಲಿ ದುಡ್ಡು ಬರುತ್ತೆ!

ವಕೀಲರ ಉತ್ತರ: ಮೊದಲಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕಾಗುತ್ತದೆ. ಇಲ್ಲಿ ಕೆಲಸದ ದುಡ್ಡು ಕೊಟ್ಟಿದ್ದಾರಲ್ಲ! ಠಾಣೆಯಲ್ಲಿ "ಸಿವಿಲ್ ವ್ಯಾಜ್ಯ" ಅಂತ ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ಅವರ ಟೆಸ್ಟರ್ ಒಂದು ನನ್ನ ಹತ್ತಿರ ಇದೆ. ದುಡ್ಡು ಬರೋವರೆಗೆ ಇಟ್ಕೊಳ್ಳಲಾ?

ವಕೀಲರ ಉತ್ತರ: ಬೇಡವೇ ಬೇಡ. ಆಗ ದೂರು ಕೊಡುವವರು ಅವರಾಗುತ್ತಾರೆ! ನಾಳೆಯೇ ಕೊರಿಯರ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಆ ಕೊರಿಯರ್ ಖರ್ಚನ್ನೂ ಬಾಕಿ ಲೆಕ್ಕಕ್ಕೆ ಸೇರಿಸಿ.