ಇಗ್ವಾನಾ ಬೆಳಿಗ್ಗೆ ಸಾಧು, ಮಧ್ಯಾಹ್ನ ಬಾಲದಲ್ಲಿ ಬಾರಿಸುತ್ತೆ: ಪಳಗಿಸೋದು ಹೇಗೆ?

ಹಸಿರುಬಾಲ:
ಹಸಿರು ಇಗ್ವಾನಾ (ಮರ ಹತ್ತೋ ದೊಡ್ಡ ಹಲ್ಲಿ ಜಾತಿ), ಸುಮಾರು ಹತ್ತು ತಿಂಗಳದ್ದು, ಬಾಲ ಸೇರಿ ಎರಡೂವರೆ ಅಡಿ. ಬೇರೆಯವರು ಸಾಕಿದ್ದು, ಡಿಸೆಂಬರ್‌ನಲ್ಲಿ ಜಯನಗರದ ನಮ್ಮ ಫ್ಲಾಟಿಗೆ ಬಂತು. ಬೆಳಿಗ್ಗೆ ಏಳಕ್ಕೆ ಎತ್ತಿಕೊಂಡರೆ ಭುಜದ ಮೇಲೆ ಕಣ್ಣು ಮುಚ್ಚಿ ಕೂತಿರುತ್ತೆ. ಹನ್ನೊಂದರ ಮೇಲೆ ಕೈ ಹಾಕಿದರೆ ಮೈ ಉಬ್ಬಿಸಿ, ಬಾಯಿ ತೆರೆದು, ಬಾಲದಲ್ಲಿ ಬಾರಿಸುತ್ತೆ. ಕೈ ತೆಗೆದರೆ ತಣ್ಣಗಾಗುತ್ತೆ. ಗಾಜಿನ ಟ್ಯಾಂಕು ನೆಲದ ಮೇಲಿದೆ. 60 ವ್ಯಾಟ್ ಬಲ್ಬು, ಜೊತೆಗೆ ಕಿಟಕಿ ಬಿಸಿಲು. ಊಟಕ್ಕೆ ಪಾಲಕ್, ಸೌತೆಕಾಯಿ, ಬೇಯಿಸಿದ ಮೊಟ್ಟೆ. ಇದು ಬೆದೆಗಾಲದ ಸಿಟ್ಟಾ?

ಬಿಸಿಲುಕಟ್ಟೆ:
ಬೆದೆ ಅಲ್ಲ ಸರ್, ಅದಕ್ಕಿನ್ನೂ ವಯಸ್ಸಾಗಿಲ್ಲ. ಬೆಳಿಗ್ಗೆ ನಿಮಗೆ ಸಾಧುವಾಗಿ ಕಾಣೋದು ಚಳಿಗೆ ಮರಗಟ್ಟಿದ ಪ್ರಾಣಿ. ಓಡೋಕೆ, ಬಾರಿಸೋಕೆ ಮೈಯಲ್ಲಿ ಕಾವಿಲ್ಲ. ಕಣ್ಣು ಮುಚ್ಚೋದು ಕೂಡ ಸುಖಕ್ಕಲ್ಲ, ಎದುರಿಗಿರೋದು ನೋಡೋದೇ ಬೇಡ ಅನ್ನೋ ಥರ. ಬಿಸಿಲೇರಿದ ಮೇಲೆ ತೋರಿಸೋದೇ ಅದರ ನಿಜವಾದ ಅಭಿಪ್ರಾಯ. ಬೆಳಿಗ್ಗೆ ಏಳಕ್ಕೆ ಮತ್ತು ಹನ್ನೊಂದಕ್ಕೆ, ಅದು ಕೂರುವ ಕೊಂಬೆಯ ಮೇಲೆ ಎಷ್ಟು ಡಿಗ್ರಿ ಇರುತ್ತೆ ಹೇಳಿ. ಗೋಡೆಗೆ ಅಂಟಿಸಿದ ಮೀಟರ್ ನಂಬಬೇಡಿ, ವೈರಿನ ತುದಿಯಲ್ಲಿ ಸೆನ್ಸರ್ ಇರೋದು ತಗೊಳ್ಳಿ.

ಹಸಿರುಬಾಲ:
ಏಳಕ್ಕೆ 19, ಹನ್ನೊಂದಕ್ಕೆ ಬಲ್ಬಿನ ಕೆಳಗೆ 29.

ಬಿಸಿಲುಕಟ್ಟೆ:
ಎರಡೂ ಕಡಿಮೆ. ಬಿಸಿ ಕಾಯುವ ಕೊಂಬೆ 35-37 ಇರಬೇಕು, ಉಳಿದ ಜಾಗ 27-30, ರಾತ್ರಿ 22ಕ್ಕಿಂತ ಕೆಳಗೆ ಇಳಿಯಬಾರದು. ಬೆಂಗಳೂರಿನ ಡಿಸೆಂಬರ್-ಜನವರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಬೇಕೇ ಬೇಕು, ಥರ್ಮೋಸ್ಟಾಟ್ ಮೂಲಕವೇ ಹಾಕಿ, ಸುತ್ತ ಜಾಲರಿ ಇರಲಿ. ಬಿಸಿಯಾಗುವ ಕಲ್ಲು ಮಾತ್ರ ಬೇಡ. ಹೊಟ್ಟೆ ಸುಟ್ಟರೂ ಅದು ಏಳೋದಿಲ್ಲ.

ಕಿಟಕಿ ಬಿಸಿಲಿನಿಂದ ಕಾವು ಬರುತ್ತೆ, ಯುವಿಬಿ (ಮೂಳೆ ಗಟ್ಟಿಯಾಗೋಕೆ ಬೇಕಾದ ಅತಿನೇರಳೆ ಕಿರಣ) ಬರೋದಿಲ್ಲ, ಗಾಜು ತಡೆಯುತ್ತೆ. ಟಿ5 ಅನ್ನೋ ತೆಳು ಯುವಿಬಿ ಟ್ಯೂಬು ಹಾಕಿ, ಬೆನ್ನಿನಿಂದ ಸುಮಾರು ಒಂದಡಿ ಮೇಲೆ, ದಿನಕ್ಕೆ 12 ಗಂಟೆ. ಬೆಳಕು ಚೆನ್ನಾಗಿದ್ದರೂ ಯುವಿಬಿ ಕುಗ್ಗಿರುತ್ತೆ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಬದಲಿಸಿ. ಬೆರಳು ನಡುಗೋದು, ದವಡೆ ಊದೋದು ಕಂಡರೆ ಪಳಗಿಸೋ ಕೆಲಸ ನಿಲ್ಲಿಸಿ ಮೊದಲು ವೈದ್ಯರ ಹತ್ತಿರ ಹೋಗಿ, ಮೂಳೆ ಸೊರಗಿರಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ಸರೀಸೃಪ ನೋಡುವವರು ಯಾವತ್ತು ಸಿಗ್ತಾರೆ ಕೇಳಿಕೊಳ್ಳಿ.

ನುಗ್ಗೆಸೊಪ್ಪು:
ಮೊಟ್ಟೆ ಇವತ್ತೇ ನಿಲ್ಲಿಸಿ. ಇಗ್ವಾನಾ ಸೊಪ್ಪು ತಿನ್ನೋ ಜೀವ, ಪ್ರಾಣಿ ಪ್ರೋಟೀನ್ ವರ್ಷಗಟ್ಟಲೆ ಹೋದರೆ ಕಿಡ್ನಿಗೆ ಏಟು. ಪಾಲಕ್ಕಿನಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ, ಅದನ್ನೂ ಬಿಡಿ. ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ, ತುರಿದ ಸಿಹಿಗುಂಬಳ ಅದಲುಬದಲು ಮಾಡಿ. ದಾಸವಾಳದ ಹೂವು ಮಾತ್ರ ಎತ್ತಿಡಿ, ಲಂಚಕ್ಕೆ ಬೇಕಾಗುತ್ತೆ. ಪೂಜೆಗೆ ಮಾರುವ ಹೂವಿಗೆ ಏನು ಹೊಡೆದಿರ್ತಾರೋ ಗೊತ್ತಿಲ್ಲ, ಮನೆ ಗಿಡದ್ದೇ ಆಗಲಿ.

ಬಿಸಿಲುಕಟ್ಟೆ:
ಇನ್ನು ಪಳಗಿಸೋ ವಿಷಯ. ಟ್ಯಾಂಕು ನೆಲದ ಮೇಲಿರೋದು ದೊಡ್ಡ ತೊಂದರೆ. ಮರದ ಮೇಲಿರೋ ಪ್ರಾಣಿಗೆ ಮೇಲಿಂದ ಬರೋದೆಲ್ಲ ಹದ್ದು. ನೆತ್ತಿಯಲ್ಲಿ ಬೆಳಕು-ನೆರಳು ಗುರುತಿಸೋ ಮೂರನೇ ಕಣ್ಣೇ ಇದೆ, ನಿಮ್ಮ ಕೈಯ ನೆರಳು ಮೊದಲು ಬೀಳೋದು ಅಲ್ಲಿಗೆ. ಕೊಂಬೆ ನಿಮ್ಮ ಕಣ್ಣಿನ ಎತ್ತರಕ್ಕೆ ಬರೋ ಹಾಗೆ ಇಡಿ. ಮೂರು ಬದಿಗೆ ಕಾಗದ ಅಂಟಿಸಿ. ತನ್ನ ಪ್ರತಿಬಿಂಬವನ್ನೇ ಎದುರಾಳಿ ಅಂದುಕೊಳ್ಳುತ್ತೆ. ಬೆಳೆದ ಮೇಲೆ ಹೇಗಿದ್ದರೂ ಆರಡಿ ಎತ್ತರ, ಆರಡಿ ಅಗಲ, ಮೂರಡಿ ಆಳದ ಗೂಡು ಕಟ್ಟಿಸಬೇಕು.

ಮೊದಲ ಒಂದೆರಡು ವಾರ ಮುಟ್ಟಲೇಬೇಡಿ. ಅದು ಬಿಸಿ ಕಾಯ್ದು ತಿಂದ ಮೇಲೆ ಪಕ್ಕದಲ್ಲಿ ಕೂತು ಪೇಪರ್ ಓದಿ, ನಿಮ್ಮೆದುರಿಗೇ ತಿನ್ನೋಕೆ ಶುರು ಮಾಡಿದರೆ ಮುಂದಿನ ಹೆಜ್ಜೆ. ತಟ್ಟೆಯಲ್ಲಿ ದಾಸವಾಳ ಇಟ್ಟು ಎದೆ ಮಟ್ಟದಲ್ಲಿ ಪಕ್ಕದಿಂದ ಚಾಚಿ. ಬೆರಳಲ್ಲಿ ಹಿಡಿಯಬೇಡಿ, ಹೂವು ಎಲ್ಲಿ ಮುಗೀತು ಅಂತ ಅದಕ್ಕೆ ತಿಳಿಯೋಲ್ಲ, ಹಲ್ಲು ಗರಗಸದ ಹಾಗಿದೆ. ಆಮೇಲೆ ಮೆತ್ತನೆ ಬ್ರಷ್ಷಿನಿಂದ ಭುಜ ಸವರೋದು, ಆಮೇಲೆ ಕೈ.

ಕೈ ತೆಗೆದರೆ ತಣ್ಣಗಾಗುತ್ತೆ ಅಂದಿರಲ್ಲ, ಎಡವಟ್ಟಾಗಿರೋದು ಅಲ್ಲೇ. ಬಾರಿಸಿದ ಮೇಲೆ ತೆಗೀತಿದ್ದೀರಿ, ಬಾರಿಸಿದರೆ ಕೆಲಸ ಆಗುತ್ತೆ ಅಂತ ಕಲಿತುಬಿಟ್ಟಿದೆ. ಬಾಲ ಬೀಸೋ ಮೊದಲು ಸೂಚನೆ ಬಂದೇ ಬರುತ್ತೆ: ತಿನ್ನೋದು ನಿಲ್ಲಿಸಿ ನಿಮ್ಮನ್ನೇ ನೋಡೋದು, ಗಂಟಲ ಚೀಲ ಇಳಿಬಿಡೋದು, ಪಕ್ಕೆ ಚಪ್ಪಟೆ ಮಾಡಿ ಅಡ್ಡ ನಿಲ್ಲೋದು, ಬಾಲ ಬಿಲ್ಲಿನ ಹಾಗೆ ಬಾಗಿಸೋದು. ಮೊದಲನೆಯದು ಕಂಡಾಗಲೇ ಕೈ ನಿಲ್ಲಿಸಿ, ಮುಂದೆ ಹೋಗಬೇಡಿ. ಮತ್ತೆ ಸಡಿಲವಾದಾಗ ಕೈ ತೆಗೀರಿ. ಆಗ ಸುಮ್ಮನಿದ್ದರೂ ಮಾತು ನಡೆಯುತ್ತೆ ಅಂತ ಕಲಿಯುತ್ತೆ.

ಮಾವಳ್ಳಿ_ಮೊಸಳೆ:
ಇದೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತೆ ಗುರು. ಗಟ್ಟಿಯಾಗಿ ಹಿಡ್ಕೊಂಡು ಒದ್ದಾಟ ನಿಲ್ಲೋವರೆಗೂ ಬಿಡಬಾರದು. ಬಿಟ್ಟರೆ ಅದೇ ಗೆದ್ದ ಹಾಗೆ.

ಬಿಸಿಲುಕಟ್ಟೆ:
ಅರ್ಧ ಒಪ್ತೀನಿ. ಈಗಾಗಲೇ ಕೈಯಲ್ಲಿದ್ದರೆ, ಒದ್ದಾಟದ ಮಧ್ಯೆ ಇಳಿಸಬಾರದು. ಎರಡು ಸೆಕೆಂಡ್ ಸುಮ್ಮನಾದ ಕೂಡಲೇ ಇಳಿಸಬೇಕು. ಆದರೆ ಸೋಲೋವರೆಗೂ ಹಿಡಿದಿಟ್ಟರೆ ಸಿಗೋದು ಕಣ್ಣು ಮುಚ್ಚಿದ ಪ್ರಾಣಿ, ಹಸಿರುಬಾಲ ಅವರ ಬೆಳಗಿನ ಏಳು ಗಂಟೆಯದ್ದೇ. ಬಾಲ ಹಿಡಿದರಂತೂ ಕಳಚಿ ಬೀಳಬಹುದು, ಮತ್ತೆ ಬೆಳೆಯೋದು ಗಿಡ್ಡಗೆ, ಕಪ್ಪಗೆ.

ಎತ್ತುವಾಗ ಜೀನ್ಸ್ ಜಾಕೆಟ್ ತೋಳು ಹಾಕಿ. ಮುಂಗೈಯನ್ನು ಕೊಂಬೆ ಥರ ಮುಂಗಾಲಿನ ಮುಂದೆ ಇಟ್ಟು, ಇನ್ನೊಂದು ಕೈ ಹೊಟ್ಟೆ ಕೆಳಗೆ. ನಾಲ್ಕೂ ಕಾಲಿಗೆ ಆಧಾರ ಸಿಗಬೇಕು. ಮೊದಲು ಒಂದೆರಡು ನಿಮಿಷ ಸಾಕು.

ಹಸಿರುಬಾಲ:
ಹೊರಗೆ ಬಿಡೋದಾದರೆ ಬಾಲ್ಕನಿ ಸರಿನಾ?

ನುಗ್ಗೆಸೊಪ್ಪು:
ಬೇಡ. ಜಯನಗರದ ಆಕಾಶದಲ್ಲಿ ಹದ್ದು ಸುತ್ತದ ದಿನ ಇದೆಯಾ? ನೆರಳು ಬಿದ್ದರೆ ಜಿಗಿಯುತ್ತೆ. ಬಚ್ಚಲುಮನೆ ಒಳ್ಳೇದು. ಕಮೋಡ್ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ಒತ್ತಿ, ನೆಲದ ಮೇಲೆ ಕೂತ್ಕೊಳ್ಳಿ. ಅದಾಗಿ ತೊಡೆ ಮೇಲೆ ಹತ್ತಲಿ, ನೀವು ಕರೀಬೇಡಿ. ಚಳಿ ಹಿಡಿಯೋ ಮೊದಲು ಮತ್ತೆ ಗೂಡಿಗೆ. ಆಮೇಲೆ ಸೋಪಿನಲ್ಲಿ ಕೈ ತೊಳೀರಿ, ನೆಲವನ್ನೂ ತೊಳೀರಿ, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ಮುಟ್ಟಿಸಲೇಬೇಡಿ. ಸೀನಿದಾಗ ಬಿಳಿ ಪುಡಿ ಹಾರಿದರೆ ಗಾಬರಿ ಬೇಡ, ಮೈಯಲ್ಲಿ ಹೆಚ್ಚಾದ ಉಪ್ಪನ್ನು ಮೂಗಿನಿಂದ ಹೊರಹಾಕೋದು ಹಾಗೇ.

ಮಾವಳ್ಳಿ_ಮೊಸಳೆ:
ಫೆಬ್ರವರಿ-ಮಾರ್ಚಲ್ಲಿ ಗಾಳಿ ಒಣಗುತ್ತೆ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ಪೊರೆ ಅಂಟಿಕೊಂಡಿರೋ ದಿನಗಳಲ್ಲಿ ಪಾಠ ಬೇಡ, ಮುಟ್ಟಿದರೇ ಕಿರಿಕಿರಿ. ಮತ್ತೆ ಕಾಗದಪತ್ರ ಆಗಿದೆಯಾ? 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ಮಾಲೀಕರು ಬದಲಾದರೆ ಅದನ್ನೂ ದಾಖಲಿಸಬೇಕು. ಹಳೆಯ ಮಾಲೀಕರ ಹತ್ತಿರ ನೋಂದಣಿ ಪತ್ರ ಈಗಲೇ ಕೇಳಿ ಇಸ್ಕೊಳ್ಳಿ.