ಟೀಮಿನಲ್ಲಿ ಒಗ್ಗಟ್ಟೇ ಇಲ್ಲ, ಏನು ಮಾಡೋದು?

ಹುಬ್ಬಳ್ಳಿಯಿಂದ:
ನಮ್ಮದು ವಿದ್ಯಾನಗರದಲ್ಲಿ ಒಂಬತ್ತು ಜನರ ಸಣ್ಣ ಆಫೀಸು. ಎಲ್ಲರೂ ಚುರುಕು, ಆದರೆ ತಪ್ಪಾದರೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಹೋದ ವಾರ ಒಂದೇ ಗಿರಾಕಿಗೆ ಇಬ್ಬರು ಬೇರೆ ಬೇರೆ ರೇಟ್ ಹೇಳಿದ್ದರು. ಸಾಧನಕೇರಿಗೆ ಕರೆದುಕೊಂಡು ಹೋಗಿ ಗಿರ್ಮಿಟ್, ಮಿರ್ಚಿ ತಿನ್ನಿಸಿದ್ದೂ ಆಯ್ತು, ಮರುದಿನ ಮತ್ತೆ ಅದೇ ಕಥೆ.

ಗದಗದ ನರ್ಸ್:
ಆಪರೇಷನ್ ಥಿಯೇಟರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಪಟ್ಟಿ ಇದೆ. ಅದರ ಪ್ರಕಾರ ಕತ್ತರಿಸುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಬಾಯಿಬಿಟ್ಟು ಹೇಳಬೇಕು. ಮೊದಮೊದಲು ನನಗೆ ನಗು ಬರುತ್ತಿತ್ತು. ಆದರೆ ಒಮ್ಮೆ ಬಾಯಿ ಬಿಟ್ಟವರು ಆಮೇಲೆ ‘ಸರ್, ಒಂದು ಮಾಪ್ (ರಕ್ತ ಒರೆಸೋ ಬಟ್ಟೆ) ಲೆಕ್ಕಕ್ಕೆ ಸಿಗ್ತಿಲ್ಲ’ ಅನ್ನೋಕೂ ಹೆದರಲ್ಲ, ದೊಡ್ಡ ಡಾಕ್ಟರ್ ಎದುರಿಗಿದ್ದರೂ.

ಹಾವೇರಿಯಿಂದ:
ಕಬಡ್ಡಿಯಲ್ಲಿ ಏಳು ಜನ ಅಂಗಳದಲ್ಲಿದ್ದರೂ ಕೈ ಹಿಡಿದ ಚೈನ್ ಬಿಟ್ಟು ಒಬ್ಬನೇ ನುಗ್ಗಿದರೆ ಸುಮ್ನೆ ರೈಡರ್‌ಗೆ ಪಾಯಿಂಟ್ ಕೊಟ್ಟಂಗೆ. ಕಾಲು ಹಿಡಿಯೋದು ಯಾರು, ಹಿಂದೆ ಬರೋದು ಯಾರು ಅಂತ ಮೊದಲೇ ಮಾತಾಗಿರಬೇಕು. ನಿಮ್ಮಲ್ಲಿ ರೇಟ್ ಹೇಳೋದು ಯಾರ ಕೆಲಸ? ಪಿಕ್ನಿಕ್ ಆಮೇಲೆ ನೋಡೋಣ.

ಹುಬ್ಬಳ್ಳಿಯಿಂದ:
ಅಯ್ಯೋ, ಅದನ್ನು ನಾನೇ ಯಾರಿಗೂ ಹೇಳಿಲ್ಲ ಅಲ್ವಾ! ಸೋಮವಾರ ಬೋರ್ಡಿನ ಮೇಲೆ ಬರೆಯುತ್ತೇನೆ.